ಸೇಸಪ್ಪನವರು ತಿದ್ದಿದ ಫಾರಂ

ಫಿಂಟಾಸಿನ ಸೇಸಪ್ಪನವರಿಗೆ ಫಾರಂ ತುಂಬುವುದು ಹೇಗೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಕುವೈತಿನಲ್ಲಿ ಅವರು ಮಾಡಿಕೊಂಡು ಬಂದದ್ದು ಅದೊಂದೇ ಕೆಲಸ. ಕಂಪನಿಯಲ್ಲಿ ಅವರು ಮಂದೂಬ್, ಎಂದರೆ ನೌಕರರ ಇಕಾಮಾ ಎಂಬ ವಾಸದ ಪರವಾನಗಿ, ಲೈಸೆನ್ಸು, ಮೆಡಿಕಲ್ಲು ಎಂದು ಕಾಗದದ ಕಟ್ಟು ಹಿಡಿದು ಸರಕಾರಿ ಕಚೇರಿಗಳ ಕಿಟಕಿಯಿಂದ ಕಿಟಕಿಗೆ ಓಡುವವರು. ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ ಅಡ್ಮಿನಿಸ್ಟ್ರೇಟಿವ್ ಮ್ಯಾನೇಜರ್ ಎಂದಿದೆ. ಕಾರ್ಡು ಅವರೇ ಮಾಡಿಸಿದ್ದು. ಅದರಲ್ಲಿ ಹೆಸರಿಗಿಂತ ದಪ್ಪ ಅಕ್ಷರಗಳಲ್ಲಿ ‘ಅಂಬಡೆಬೈಲು ಗುತ್ತು’ ಎಂದೂ ಇದೆ.

ಗುತ್ತು ಎಂದರೆ ತುಳುನಾಡಿನಲ್ಲಿ ಊರಿಗೆ ದೊಡ್ಡ ಮನೆ. ದೈವದ ನೇಮ, ಎಂದರೆ ಕೋಲ, ನಡೆದರೆ ಮೊದಲ ಪ್ರಸಾದ ಆ ಮನೆಯವರಿಗೆ, ಊರಲ್ಲಿ ಜಗಳವಾದರೆ ಕೊನೆಯ ಮಾತು ಆ ಮನೆಯವರದು. ಸೇಸಪ್ಪನವರ ತಂದೆ ದೂಮಣ್ಣ ಅಂಬಡೆಬೈಲು ಗುತ್ತಿನಲ್ಲಿ ಹುಟ್ಟಿದವರು, ಅದರಲ್ಲಿ ಸುಳ್ಳಿಲ್ಲ. ಆದರೆ ಸೇಸಪ್ಪನವರು ಹುಟ್ಟಿ ಬೆಳೆದದ್ದು ಅಲ್ಲಿಂದ ಎರಡು ಮೈಲು ಆಚೆ, ತಾಯಿ ಅಕ್ಕುವಿನ ಮನೆ ಕಾರೆಕುಮೇರಿನಲ್ಲಿ. ಮೂರು ಕೋಣೆ, ಒಂದು ಜಗಲಿ, ಜಗಲಿಯಲ್ಲಿ ಬೀಡಿ ಸುತ್ತುವ ಹೆಂಗಸರು. ಗುತ್ತಿನ ಚಾವಡಿಯನ್ನು ಅವರು ವರ್ಷಕ್ಕೊಮ್ಮೆ ನೇಮದ ದಿನ ಅಂಗಳದಲ್ಲಿ ನಿಂತು ನೋಡಿದ್ದಾರೆ, ಅನಂತರ ಪಂಕ್ತಿಯಲ್ಲಿ ಕುಳಿತು ಉಂಡು ಬಂದಿದ್ದಾರೆ. ಕುವೈತಿಗೆ ಬರುವಾಗ ಮಾತ್ರ ಆ ಚಾವಡಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಂದರು. ಕಾರೆಕುಮೇರಿಗೆ ಜಾಗ ಸಾಲಲಿಲ್ಲವೋ ಏನೋ.

ಅವರಿಗೆ ಸುಂದರಿ ಎಂದು ಒಬ್ಬಳು ಅಕ್ಕ. ಈಗಲೂ ಅದೇ ಜಗಲಿಯಲ್ಲಿ ಬೀಡಿ ಸುತ್ತುತ್ತಾಳೆ. ಕುವೈತಿನಲ್ಲಿ ಯಾರಾದರೂ “ಊರಲ್ಲಿ ಯಾರೆಲ್ಲ ಇದ್ದಾರೆ?” ಎಂದು ಕೇಳಿದರೆ ಸೇಸಪ್ಪನವರು “ತಂದೆ ತಾಯಿ ತೀರಿಹೋದ್ರು, ಇನ್ನು ಎಂತ” ಎಂದು ನಿಟ್ಟುಸಿರು ಬಿಡುತ್ತಿದ್ದರು. ಕೇಳಿದವರು ಪಾಪ, ಅಲ್ಲಿಗೇ ಸುಮ್ಮನಾಗುತ್ತಿದ್ದರು.

ಎರಡು ವರ್ಷದ ಹಿಂದೆ ಆ ಸುಂದರಿಯ ಮಗಳು ನವ್ಯಶ್ರೀ ಕುವೈತಿಗೇ ಬಂದಳು. ಒಂದು ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸ. ಮಹಬೂಲಾದ ಒಂದು ಫ್ಲ್ಯಾಟಿನಲ್ಲಿ ಆರು ಹುಡುಗಿಯರ ಜೊತೆ ವಾಸ. ಫಿಂಟಾಸಿನಿಂದ ಮಹಬೂಲಾಕ್ಕೆ ಕಾರಿನಲ್ಲಿ ಹತ್ತು ನಿಮಿಷ. ಎರಡು ವರ್ಷದಲ್ಲಿ ಸೇಸಪ್ಪನವರಿಗೆ ಆ ಹತ್ತು ನಿಮಿಷ ಒದಗಲಿಲ್ಲ ನೋಡಿ. ಹೆಂಡತಿ ಉಮಾವತಿ ಒಮ್ಮೆ, “ಆ ಹುಡುಗಿಯನ್ನು ಒಂದು ಶುಕ್ರವಾರ ಊಟಕ್ಕೆ ಕರೆಯುವ” ಎಂದದ್ದಕ್ಕೆ, “ಇವತ್ತು ಊಟ ಅಂತ ಶುರು ಮಾಡಿದ್ರೆ ನಾಳೆ ಮನೆಯಲ್ಲೇ ಕೂತ್ಕೊಳ್ತದೆ” ಎಂದು ಬಾಯಿ ಮುಚ್ಚಿಸಿದ್ದರು. ಕುವೈತಿನ ತುಳುವರ ಸಮಾಜದ ಕಾರ್ಯಕ್ರಮವೊಂದರಲ್ಲಿ ನವ್ಯಶ್ರೀ ಎದುರು ಬಂದು “ಮಾವ” ಎಂದಾಗ, ಪಕ್ಕದಲ್ಲಿದ್ದವರಿಗೆ, “ನಮ್ಮ ಊರಿನ ಕಡೆಯ ಹುಡುಗಿ” ಎಂದು ಹೇಳಿ ಬೇರೆ ಯಾರೋ ಕರೆದವರಂತೆ ಆಚೆ ನಡೆದಿದ್ದರು.

ಈ ಮನುಷ್ಯನಿಗೆ ವಂಶವೃಕ್ಷದ ಹುಚ್ಚು ಹಿಡಿಸಿದವರು ಅವರ ಕುವೈತಿ ಮುದೀರ್, ಎಂದರೆ ಆಫೀಸಿನ ಮೇಲಧಿಕಾರಿ. ಒಂದು ದಿನ ಚಾ ಕುಡಿಯುತ್ತ ಮುದೀರ್ ತನ್ನ ತಂದೆ, ಅಜ್ಜ, ಅಜ್ಜನ ತಂದೆ ಎಂದು ಬೆರಳು ಮಡಚುತ್ತ ಒಂಬತ್ತು ತಲೆಮಾರು ಗಡಗಡ ಹೇಳಿ, “ನಿನ್ನದು ಹೇಳು” ಎಂದರು. ಸೇಸಪ್ಪನವರು ದೂಮಣ್ಣ ಎಂದವರು ಅಲ್ಲಿಗೇ ನಿಂತರು. ದೂಮಣ್ಣನ ತಂದೆ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಮುದೀರ್ ನಕ್ಕು “ಖಲಾಸ್?” ಎಂದರು. ಅಷ್ಟು ದೊಡ್ಡ ಗುತ್ತನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುವವನಿಗೆ ಅಜ್ಜನ ಹೆಸರು ಬಾರದೆ ಹೋಯಿತಲ್ಲ ಎಂದು ಸೇಸಪ್ಪನವರಿಗೆ ಮೈಯೆಲ್ಲ ಉರಿಯಿತು.

ಇದರ ಜೊತೆಗೆ ಇನ್ನೊಂದು ಆಸೆ ಸೇರಿಕೊಂಡಿತು. ಸಮಾಜದ ಅಧ್ಯಕ್ಷ ಲತೀಶ್, ನಾಲ್ಕು ಹೋಟೆಲುಗಳ ಧಣಿ, ತಾನೂ ಒಂದು ಗುತ್ತಿನವನು. ಅವನು ಒಂದು ಸಲ ಸೇಸಪ್ಪನವರ ಹೆಗಲ ಮೇಲೆ ಕೈ ಹಾಕಿ, “ಮುಂದಿನ ಸಲ ನೀವೇ ಉಪಾಧ್ಯಕ್ಷರು ಸೇಸಪ್ಪಣ್ಣ. ಗುತ್ತಿನವರು ಇದ್ರೆ ಸ್ಟೇಜಿಗೆ ಒಂದು ತೂಕ. ಆ ವಂಶವೃಕ್ಷ ಒಂದು ಮಾಡಿಸಿ ತೋರಿಸಿ ಬಿಡಿ, ಯಾರ ಬಾಯೂ ಏಳೂದಿಲ್ಲ” ಎಂದಿದ್ದ. ಲತೀಶ್ ಇವರಿಗಿಂತ ಏಳು ವರ್ಷ ಚಿಕ್ಕವನು. ಆದರೂ ಆ ದಿನದಿಂದ ಸೇಸಪ್ಪನವರ ಬಾಯಲ್ಲಿ ಅವನು ಲತೀಶಣ್ಣ. ಉಪಾಧ್ಯಕ್ಷ ಎಂಬ ಶಬ್ದವನ್ನು ಅವರು ಸ್ನಾನದ ಮನೆಯಲ್ಲಿ ಕೂಡ ಮೆಲ್ಲಗೆ ಹೇಳಿ ನೋಡುತ್ತಿದ್ದರಂತೆ. ಇದು ಉಮಾವತಿ ಹೇಳಿದ್ದು, ನಾನು ಕೇಳಿಸಿಕೊಂಡದ್ದಲ್ಲ.

ವಂಶವೃಕ್ಷ ಮಾಡಿಕೊಡುವ ಜನ ಹತ್ತಿರದ ಮಂಗಫಿನಲ್ಲೇ ಇದ್ದರು. ‘ಕುಟುಂಬ ಶೋಧ ಬಳಗ’ ಎಂದು ಹೆಸರು, ಒಟ್ಟು ಐದು ಮಂದಿ. ಅದರ ಮುಖ್ಯಸ್ಥ ಸುಕುಮಾರ, ರಿಫೈನರಿಯ ಕೆಲಸ ಹಿಡಿದ ಒಂದು ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ವಾರವಿಡೀ ಎಣ್ಣೆಯ ಪೈಪುಗಳ ನಕ್ಷೆ ಬಿಡಿಸುವುದು, ಶುಕ್ರವಾರ ಸಂಜೆ ಅದೇ ಕಂಪ್ಯೂಟರಿನಲ್ಲಿ ಜನರ ಅಜ್ಜಿ ಮುತ್ತಜ್ಜಿಯರನ್ನು ಜೋಡಿಸುವುದು. ಅವನು ಮಾಡಿದ ವಂಶವೃಕ್ಷಕ್ಕೆ ಎಲೆ ಹೂವು ಇರುವುದಿಲ್ಲ. ಬರೀ ಪೆಟ್ಟಿಗೆ ಮತ್ತು ಗೆರೆ. ಎಲ್ಲಿ ಸೋರುತ್ತದೆ, ಎಲ್ಲಿ ಕಟ್ಟಿಕೊಂಡಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಸುಕುಮಾರ ಮೊದಲು ಕೈಗೆ ಕೊಟ್ಟದ್ದು ಒಂದು ಫಾರಂ. ಸೇಸಪ್ಪನವರು ಕನ್ನಡಕ ಏರಿಸಿ ನೋಡಿದರು. ನಿಮ್ಮ ಹೆಸರು, ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು, ಅವರ ತಾಯಿಯ ಹೆಸರು, ತಾಯಿಯ ಮನೆ, ತಾಯಿಯ ಬರಿ. ಬರಿ ಎಂದರೆ ಕುಲದ ಹೆಸರು. ಸೇಸಪ್ಪನವರು ಮೂಗಿನಲ್ಲೇ ನಕ್ಕರು. ಇಪ್ಪತ್ತೆಂಟು ವರ್ಷದಲ್ಲಿ ಅವರು ಸಾವಿರಗಟ್ಟಲೆ ಫಾರಂ ತುಂಬಿದ್ದಾರೆ, ಒಂದರಲ್ಲೂ ಹೀಗೆ ಇರಲಿಲ್ಲ. ಹೆಸರು, ತಂದೆಯ ಹೆಸರು, ಅಜ್ಜನ ಹೆಸರು, ಇದಲ್ಲವೇ ಕ್ರಮ? ಟೈಪು ಮಾಡಿದವನಿಗೆ ತಲೆ ಇಲ್ಲ ಎಂದುಕೊಂಡು ಜೇಬಿನಿಂದ ಪೆನ್ನು ತೆಗೆದರು. ತಾಯಿ ಎಂದಿದ್ದಲ್ಲೆಲ್ಲ ಗೆರೆ ಎಳೆದು ನೀಟಾಗಿ ತಂದೆ ಎಂದು ಬರೆದರು. ಪ್ರತಿ ತಿದ್ದುಪಡಿಯ ಪಕ್ಕದಲ್ಲಿ ಒಂದು ಚಿಕ್ಕ ಸಹಿ ಬೇರೆ.

“ಫಾರಂನಲ್ಲಿ ಮಿಸ್ಟೇಕ್ ಉಂಟು ಸುಕುಮಾರ. ನಾನು ಸರಿ ಮಾಡಿದ್ದೇನೆ. ಇನ್ನು ಪ್ರಿಂಟ್ ಮಾಡುವಾಗ ನನ್ನನ್ನು ಒಮ್ಮೆ ಕೇಳಿ.”

ಸುಕುಮಾರ ಫಾರಂ ನೋಡಿದ, ಇವರ ಮುಖ ನೋಡಿದ. “ತಾಯಿ ಮನೆ ಯಾವುದು ಸೇಸಪ್ಪಣ್ಣ?”

“ಅದು ಕಾರೆಕುಮೇರು ಅಂತ ಎಂತದೋ. ಅಲ್ಲಿ ಹೇಳುವಂಥದ್ದು ಏನಿಲ್ಲ. ನೀವು ಗುತ್ತಿನದ್ದು ಹಿಡೀರಿ.”

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ತುಳುವಿನ ಈ ಜನರಲ್ಲಿ ಕುಟುಂಬ ಎಂದರೆ ತಾಯಿಯ ಕುಟುಂಬ. ಮಕ್ಕಳಿಗೆ ತಾಯಿಯ ಬರಿ, ತಾಯಿಯ ಮನೆ, ತಾಯಿಯ ಮನೆಯ ದೈವ. ಗಂಡಸಿನ ಕುಟುಂಬ ಮುಂದೆ ಹೋಗುವುದು ಅವನ ಮಕ್ಕಳಿಂದಲ್ಲ, ಅವನ ಅಕ್ಕತಂಗಿಯರ ಮಕ್ಕಳಿಂದ. ಸೇಸಪ್ಪನವರ ಮಗಳು ಅಕ್ಷಿತಾ ಉಮಾವತಿಯ ಕುಟುಂಬದವಳು. ಇದು ಊರಿನಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಸೇಸಪ್ಪನವರಿಗೂ ಗೊತ್ತಿತ್ತು. ಆದರೆ ದಿನಾ ಬೆಳಗಾದರೆ ಫುಲಾನ್ ಬಿನ್ ಫುಲಾನ್, ಇಂಥವನ ಮಗ ಇಂಥವನು, ಎಂದು ಬರೆದೂ ಬರೆದೂ ಅದು ತಲೆಯಿಂದ ಜಾರಿ ಹೋಗಿತ್ತು, ಜಾರಿದ್ದು ಅನುಕೂಲವೂ ಆಗಿತ್ತು.

ಸುಕುಮಾರ ವಾದ ಮಾಡುವವನಲ್ಲ. ಎರಡೂ ಕಡೆ ಹುಡುಕಿದ. ರಜೆಯಲ್ಲಿ ಊರಿಗೆ ಹೋದಾಗ ಅಂಬಡೆಬೈಲು ಗುತ್ತಿಗೆ ಹೋಗಿ ಯಜಮಾನರನ್ನು ಕಂಡ. ಬಂದ ಮೇಲೆ ಬಳಗ ಕುವೈತಿನ ತುಳುವರಿಗಾಗಿ ನಡೆಸುವ ವಾಟ್ಸಾಪ್ ಗುಂಪಿನಲ್ಲಿ, ‘ಕಾರೆಕುಮೇರು ಮನೆಯ ಬಗ್ಗೆ ತಿಳಿದವರು ಇದ್ದರೆ ಹೇಳಿ’ ಎಂದು ಹಾಕಿದ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ‘ಅದು ನಮ್ಮ ಮನೆ. ನಾನು ಮಹಬೂಲಾದಲ್ಲಿ ಇದ್ದೇನೆ. ನವ್ಯಶ್ರೀ.’

ಅವಳು ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಮಂಗಫಿಗೆ ಬಂದು, ಸುಕುಮಾರನ ಎದುರು ಕುಳಿತು, ತಾಯಿ, ಅಜ್ಜಿ, ಅವಳ ತಾಯಿ ಎಂದು ಏಳು ತಲೆಮಾರಿನ ಹೆಂಗಸರ ಹೆಸರು ತಡವರಿಸದೆ ಹೇಳಿದಳು. ಯಾರನ್ನು ಯಾವ ಮನೆಗೆ ಕೊಟ್ಟದ್ದು, ಯಾರು ಬಾಣಂತಿತನದಲ್ಲಿ ಸತ್ತದ್ದು, ಯಾರಿಗೆ ಎಷ್ಟು ಅಣ್ಣತಮ್ಮಂದಿರು, ಎಲ್ಲ. ಬೀಡಿ ಸುತ್ತುವಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಸುಂದರಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನವೂ ಹೇಳಿದ್ದು ಅದನ್ನೇ. ಮುದೀರರ ಒಂಬತ್ತು ತಲೆಮಾರಿನ ಎದುರು ನಿಲ್ಲುವ ಸರಕು ಸೇಸಪ್ಪನವರ ಮನೆಯ ಜಗಲಿಯಲ್ಲೇ ಇತ್ತು, ಇವರು ಅದನ್ನು ದಾಟಿಕೊಂಡು ವಿಮಾನ ಹತ್ತಿದ್ದರು.

ಅದೇ ದಿನಗಳಲ್ಲಿ ನವ್ಯಶ್ರೀ ಇವರ ಆಫೀಸಿನ ಹತ್ತಿರವೂ ಒಮ್ಮೆ ಬಂದಳು. ಪಾರ್ಕಿಂಗಿನಲ್ಲಿ, ಕಾರಿನ ಬಾಗಿಲ ಬಳಿ ನಿಂತು ಹೇಳಿದಳು.

“ಮಾವ, ನಂಗೆ ಮದುವೆ ನಿಶ್ಚಯ ಆಗಿದೆ. ಮೇ ತಿಂಗಳಲ್ಲಿ. ನಿಮಗೆ ರಜೆ ಸಿಗ್ತದಾ ಕೇಳ್ಲಿಕ್ಕೆ ಹೇಳಿದ್ರು ಅಮ್ಮ.”

ಮದುಮಗಳನ್ನು ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಅಪ್ಪ ಇಲ್ಲದಿದ್ದರೂ ಮದುವೆ ನಡೆದೀತು, ಮಾವನ ಜಾಗ ಖಾಲಿ ಬಿಡುವಂತಿಲ್ಲ. ನವ್ಯಶ್ರೀಗೆ ಇರುವುದು ಒಬ್ಬರೇ ಮಾವ. ಆ ಒಬ್ಬ ಮಾವ ಕಾರಿನ ಎಸಿ ಹೆಚ್ಚು ಮಾಡುತ್ತ, “ಮೇ ತಿಂಗಳಲ್ಲಾ? ಆಗ ಇಕಾಮಾ ರಿನ್ಯೂವಲ್ ಸೀಸನ್. ಕಷ್ಟ. ನೋಡುವ” ಎಂದರು. ಅವಳು ಆಯ್ತು ಎಂದಳು. ಬಸ್ ಸ್ಟಾಪಿನವರೆಗಾದರೂ ಬಿಡಬೇಕೆಂದು ಇವರಿಗೆ ಅನ್ನಿಸಲಿಲ್ಲ. ಛೆ, ಅನ್ನಿಸಿರಬೇಕು, ಆದರೆ ಕಾರಿನ ಹಿಂದಿನ ಸೀಟಿನಲ್ಲಿ ಲತೀಶನ ಹೋಟೆಲಿನ ಪಾರ್ಸೆಲ್ ಇತ್ತು, ಅದು ಆರುತ್ತದೆ.

ಬಳಗಕ್ಕೆ ಹತ್ತು ವರ್ಷ ತುಂಬುವ ಸಮಾರಂಭ ಏಪ್ರಿಲ್ ಕೊನೆಯ ಶುಕ್ರವಾರ ಎಂದು ಗೊತ್ತಾಯಿತು. ಆ ದಿನ ಸಿದ್ಧವಾದ ವಂಶವೃಕ್ಷಗಳನ್ನು ಗೋಡೆಗೆ ಹಾಕುತ್ತಾರೆ, ಪ್ರತಿ ಕುಟುಂಬದ ಒಬ್ಬ ಹೆಣ್ಣುಮಗಳು ನಿಂತು ತಮ್ಮ ಮನೆಯದನ್ನು ಓದುತ್ತಾಳೆ. ಬದುಕಿರುವವರೆಲ್ಲ ತಮ್ಮ ಹೆಸರಿನ ಪಕ್ಕದಲ್ಲಿ ಸಹಿ ಮಾಡಬೇಕು, ಸಹಿ ಇಲ್ಲದ ಹೆಸರನ್ನು ಬರೆಯುವುದೂ ಇಲ್ಲ, ಓದುವುದೂ ಇಲ್ಲ. ಹಿಂದೊಮ್ಮೆ ಒಬ್ಬರು ‘ನನ್ನನ್ನು ಕೇಳದೆ ಹಾಕಿದಿರಿ’ ಎಂದು ಪೊಲೀಸಿನವರೆಗೆ ಹೋಗುತ್ತೇನೆಂದು ಹೆದರಿಸಿದ ಮೇಲೆ ಮಾಡಿಕೊಂಡ ನಿಯಮ ಅದು.

ಸಮಾರಂಭಕ್ಕೆ ಹತ್ತು ದಿನ ಇರುವಾಗ ಸುಕುಮಾರ ಸೇಸಪ್ಪನವರನ್ನು ಕರೆದು ಎರಡು ಹಾಳೆ ಬಿಡಿಸಿದ. ಮೊದಲನೆಯದು ಅಂಬಡೆಬೈಲು ಗುತ್ತು. ಸೇಸಪ್ಪನವರ ಬೆರಳು ಮೇಲಿನಿಂದ ಇಳಿಯುತ್ತ ಬಂದು ದೂಮಣ್ಣ ಎಂಬ ಪೆಟ್ಟಿಗೆಯಲ್ಲಿ ನಿಂತಿತು. ಅದರ ಕೆಳಗೆ ಗೆರೆ ಇರಲಿಲ್ಲ. ಗೆರೆಗಳೆಲ್ಲ ದೂಮಣ್ಣನ ಅಕ್ಕತಂಗಿಯರ ಕೆಳಗೆ ಹರಿದುಹೋಗಿದ್ದವು.

“ನಾನೆಲ್ಲಿ?”

“ಯಜಮಾನರನ್ನು ಕೇಳಿದೆ. ‘ದೂಮಣ್ಣಮಾವ ನಮ್ಮವರೇ. ಅವರ ಮಕ್ಕಳು ಅವರ ತಾಯಿ ಮನೆಯವರಲ್ಲವಾ’ ಅಂದ್ರು. ನೀವು ಇಲ್ಲಿದ್ದೀರಿ.”

ಎರಡನೆಯ ಹಾಳೆ ಕಾರೆಕುಮೇರಿನದು. ಅಕ್ಕುವಿನ ಕೆಳಗೆ ಸುಂದರಿ, ಪಕ್ಕದಲ್ಲಿ ಸೇಸಪ್ಪ. ಸುಂದರಿಯ ಕೆಳಗೆ ನವ್ಯಶ್ರೀ. ಸೇಸಪ್ಪನವರ ಕೆಳಗೆ ಖಾಲಿ. ಸುಂದರಿಯ ಸಹಿ ಊರಿನಿಂದ ಫೋಟೋ ಆಗಿ ಬಂದಿತ್ತು, ಅಕ್ಷರ ಅಡ್ಡಾದಿಡ್ಡಿ.

ಸೇಸಪ್ಪನವರು ಸಿವಿಲ್ ಐಡಿಯನ್ನೇ ತೆಗೆದು ಮೇಜಿನ ಮೇಲೆ ಬಡಿದರು. “ನೋಡಿ ಇಲ್ಲಿ. ಸೇಸಪ್ಪ ದೂಮಣ್ಣ. ಸರಕಾರವೇ ಒಪ್ಪಿದೆ.”

“ಅದು ಇಲ್ಲಿಯ ಸರಕಾರ. ಊರಲ್ಲಿ ದೈವದ ಎದುರು ನಿಂತಾಗ ನಿಮ್ಮನ್ನು ಯಾವ ಮನೆಯ ಹೆಸರಿನಲ್ಲಿ ಕರೆದದ್ದು ಸೇಸಪ್ಪಣ್ಣ?”

ಸೇಸಪ್ಪನವರಿಗೆ ನೆನಪಿತ್ತು. ಹದಿನಾರರ ವಯಸ್ಸಿನಲ್ಲಿ, ಅಕ್ಕನ ಪಕ್ಕದಲ್ಲಿ ಕೈಮುಗಿದು ನಿಂತಾಗ, ದೈವ ಕಾರೆಕುಮೇರಿನ ಮಗುವೇ ಎಂದು ಕರೆದು ತಲೆಯ ಮೇಲೆ ಅಕ್ಕಿ ಹಾಕಿತ್ತು. ಆದರೆ ಆ ನೆನಪಿನ ಹಿಂದೆಯೇ ಉಪಾಧ್ಯಕ್ಷರ ಕುರ್ಚಿ ಕಣ್ಣಮುಂದೆ ಬಂತು, ಬೀಡಿ ಸುತ್ತುವವಳ ತಮ್ಮ, ಇಸ್ತ್ರಿ ಹಾಕುವವಳ ಮಾವ ಎಂದು ಲತೀಶ್ ನಗುವುದೂ ಕೇಳಿಸಿತು.

“ನಾನು ಸಹಿ ಹಾಕೂದಿಲ್ಲ” ಎಂದರು.

“ಆಯ್ತು. ಹೆಸರು ತೆಗೀತೇನೆ. ಪೆಟ್ಟಿಗೆ ತೆಗೀಲಿಕ್ಕೆ ಆಗೂದಿಲ್ಲ. ಜನ ಹುಟ್ಟಿದ್ದು ಹೌದಲ್ಲ” ಎಂದ ಸುಕುಮಾರ.

ಲತೀಶನಿಗೆ ಫೋನು ಮಾಡಿ ಸೇಸಪ್ಪನವರು, “ನಮ್ಮ ಗುತ್ತಿನ ದಾಖಲೆ ತುಂಬ ದೊಡ್ಡದು ಲತೀಶಣ್ಣ, ಈ ವರ್ಷ ಮುಗಿಯೂದಿಲ್ಲ ಅಂತಾರೆ” ಎಂದರು. ಲತೀಶ್ ನಂಬಿದ. ದೊಡ್ಡ ಮನೆ ಅಲ್ಲವೇ, ತಡವಾಗುವುದು ಸಹಜ ಎಂದು ಅವನೇ ಸಮಾಧಾನ ಹೇಳಿದ.

ಸಮಾರಂಭ ಮಂಗಫಿನ ಒಂದು ಹೋಟೆಲಿನ ಮೇಲಿನ ಹಾಲಿನಲ್ಲಿ. ಸೇಸಪ್ಪನವರು ಹೊಸ ಪಂಚೆ ಉಟ್ಟು, ಉಮಾವತಿಯನ್ನು ಕರೆದುಕೊಂಡು, ಎರಡನೆಯ ಸಾಲಿನಲ್ಲಿ ಲತೀಶನ ಬೆನ್ನಿನ ಹಿಂದೆಯೇ ಕುಳಿತರು. ಮೂರು ಮನೆಗಳ ಓದು ಮುಗಿಯಿತು. ನಾಲ್ಕನೆಯದಕ್ಕೆ ನವ್ಯಶ್ರೀ ಎದ್ದು ನಿಂತಳು. ಕೈಯಲ್ಲಿ ಹಾಳೆ ಇರಲಿಲ್ಲ. ಏಳು ತಲೆಮಾರು ಒಂದೇ ಉಸಿರಿಗೆ ಇಳಿದು ಬಂತು.

“ಅಕ್ಕುವಿಗೆ ಇಬ್ಬರು ಮಕ್ಕಳು. ಮಗಳು ಸುಂದರಿ. ಒಬ್ಬ ಮಗ. ಅವರ ಸಹಿ ಬರಲಿಲ್ಲ, ಹಾಗಾಗಿ ಹೆಸರು ಓದುವ ಹಾಗಿಲ್ಲ. ಸುಂದರಿಯ ಮಗಳು ನವ್ಯಶ್ರೀ. ಅದು ನಾನು.”

ಚಪ್ಪಾಳೆ ಬಿತ್ತು, ಅಂದಿನ ಎಲ್ಲ ಓದಿಗಿಂತ ಜೋರಾಗಿ. ಉಮಾವತಿ ಚಪ್ಪಾಳೆ ತಟ್ಟಲಿಲ್ಲ. ಗಂಡನ ಕಡೆ ತಿರುಗಿ ಕುಳಿತಳು. ಸಹಿಯ ಸಂಗತಿ ಅವಳಿಗೆ ಗೊತ್ತಾದದ್ದು ಆಗಲೇ. ಸೇಸಪ್ಪನವರು ಚಾವಣಿಯ ಎಸಿಯನ್ನು ನೋಡುತ್ತಿದ್ದರು.

ಊಟದ ಸಾಲಿನಲ್ಲಿ ಲತೀಶ್ ಇವರ ಮುಂದೆಯೇ ಇದ್ದ. ತಟ್ಟೆಗೆ ಕೋರಿರೊಟ್ಟಿ ಮುರಿದು ಹಾಕಿಕೊಳ್ಳುತ್ತ ತಿರುಗಿದ.

“ಆ ಹುಡುಗಿ ಎಂಥ ಚಂದ ಹೇಳ್ತು ನೋಡಿದ್ರಾ ಸೇಸಪ್ಪಣ್ಣ. ಒಂದು ಸಹಿ ಹಾಕ್ಲಿಕ್ಕೂ ಆಗದ ಆ ಮಾವ ಯಾರು ಮಾರಾಯ್ರೇ?”

ಇಲ್ಲಿ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಆದರೆ ಲತೀಶ್ ಕೇಳಿದ್ದಕ್ಕೆ ಉತ್ತರ ಕೊಡದೆ ಇರುವ ಅಭ್ಯಾಸ ಸೇಸಪ್ಪನವರಿಗೆ ತಪ್ಪಿ ಹೋಗಿತ್ತು.

“ಇರ್ತಾರೆ ಲತೀಶಣ್ಣ ಅಂಥವರು. ಗಲ್ಫಿಗೆ ಬಂದು ನಾಲ್ಕು ಅಕ್ಷರ ಅರಬಿ ಕಲ್ತ ಕೂಡಲೇ ಹುಟ್ಟಿದ ಮನೆ ಮರೀತಾರೆ. ಒಡಹುಟ್ಟಿದವಳು ಬೇಡ, ಅವಳ ಮಕ್ಕಳು ಬೇಡ. ಅಂಥವನ ಹೆಸರು ಓದದೆ ಇದ್ದದ್ದೇ ಒಳ್ಳೆಯದಾಯ್ತು.”

ಹೇಳುತ್ತ ಹೇಳುತ್ತ ಅವರಿಗೆ ಹುರುಪೇ ಬಂತು. ಲತೀಶ್ ತಲೆಯಾಡಿಸಿದ. ಹಿಂದೆ ನಿಂತಿದ್ದ ಉಮಾವತಿ ತಟ್ಟೆಯನ್ನು ಮೇಜಿನ ಮೇಲೆ ವಾಪಸು ಇಟ್ಟಳು. “ನಾನು ಮೇ ತಿಂಗಳಲ್ಲಿ ಊರಿಗೆ ಹೋಗ್ತೇನೆ. ಅಕ್ಷಿತಾನನ್ನೂ ಕರ್ಕೊಂಡು ಹೋಗ್ತೇನೆ. ನೀವು ಇಲ್ಲಿ ರಿನ್ಯೂವಲ್ ಮಾಡಿಕೊಂಡು ಇರಿ” ಎಂದಳು. ಲತೀಶನಿಗೆ ಏನೂ ಅರ್ಥವಾಗಲಿಲ್ಲ.

ಅಷ್ಟರಲ್ಲಿ ನವ್ಯಶ್ರೀ ಸಾಲಿನುದ್ದಕ್ಕೂ ಒಬ್ಬೊಬ್ಬರ ಕೈಗೂ ಮದುವೆಯ ಕಾಗದ ಕೊಡುತ್ತ ಬಂದಳು. ಅಂಚಿಗೆ ಅರಸಿನ ಹಚ್ಚಿದ, ಸಾದಾ ಕಾಗದ. ಊರಿನಿಂದ ಬಂದ ಯಾರದೋ ಕೈಯಲ್ಲಿ ಕಟ್ಟು ಬಂದಿತ್ತು. ಲತೀಶ್ ತಟ್ಟೆಯನ್ನು ಎಡಗೈಗೆ ಬದಲಿಸಿ ಕಾಗದ ತೆಗೆದುಕೊಂಡ. ಅವನಿಗೆ ಏನು ಸಿಕ್ಕಿದರೂ ಗಟ್ಟಿಯಾಗಿ ಓದುವ ಚಾಳಿ.

“ಕಾರೆಕುಮೇರು ದಿವಂಗತ ಅಕ್ಕು ಅವರ ಮೊಮ್ಮಗಳು, ಸುಂದರಿಯವರ ಮಗಳು ಚಿರಂಜೀವಿ ಸೌಭಾಗ್ಯವತಿ ನವ್ಯಶ್ರೀ...” ಎಂದು ಶುರು ಮಾಡಿ, ವರ, ಮುಹೂರ್ತ, ಮದುವೆ ಹಾಲ್ ಎಲ್ಲ ದಾಟಿ ಕೊನೆಗೆ ಬಂದ. “ನಿಮ್ಮ ಆಗಮನವನ್ನು ಬಯಸುವ ಸೋದರಮಾವ, ಕಾರೆಕುಮೇರು ಸೇಸಪ್ಪ ದೂಮಣ್ಣ, ಫಿಂಟಾಸ್, ಕುವೈತ್.”

ಲತೀಶ್ ಇನ್ನೊಮ್ಮೆ ಆ ಸಾಲನ್ನು ನೋಡಿದ. ಈ ಸಲ ಗಟ್ಟಿಯಾಗಿ ಓದಲಿಲ್ಲ. ತಲೆಯೆತ್ತಿ ಸೇಸಪ್ಪನವರನ್ನು ನೋಡಿದ. ಸಾಲಿನಲ್ಲಿದ್ದವರೆಲ್ಲ ನೋಡಿದರು. ಸೇಸಪ್ಪನವರು ನವ್ಯಶ್ರೀಯ ಕಡೆ ತಿರುಗಿದರು. ತಪ್ಪಿಸಿಕೊಳ್ಳಲು ಅವರಿಗೆ ಉಳಿದದ್ದು ಒಂದೇ ದಾರಿ, ನನ್ನನ್ನು ಕೇಳದೆ ಹಾಕಿದ್ದೀರಿ ಎಂದು ರೇಗುವುದು. ಬಾಯಿ ತೆರೆದರು ಕೂಡ.

“ನೀವು ಸಹಿ ಇಲ್ಲ ಅಂತ ಹೇಳುವಾಗ ಇದು ಪ್ರಿಂಟ್ ಆಗಿ ಊರೆಲ್ಲ ಹಂಚಿ ಆಗಿತ್ತು ಮಾವ” ಎಂದಳು ಅವಳು. “ಮಾವನ ಹೆಸರು ಹಾಕ್ಲಿಕ್ಕೆ ಮಾವನನ್ನು ಕೇಳ್ಬೇಕು ಅಂತ ಅಮ್ಮನಿಗೆ ಗೊತ್ತಿರ್ಲಿಲ್ಲ.”